ತೇಲಿ ಬಂದ ಚೂರು

ನಾನು ಮೂರು ಆಸ್ಪತ್ರೆಗಳ ಡಾಕ್ಟರು, ಆದರೆ ಯಾವ ರೋಗಿಯ ಡಾಕ್ಟರೂ ಅಲ್ಲ. ಪಶ್ಚಿಮ ಕ್ಯಾನ್ಸಸ್‌ನ ಈ ಬಯಲಿನಲ್ಲಿ ಊರಿಗೊಂದು ಆಸ್ಪತ್ರೆ ಇದೆ, ಒಬ್ಬ ಪ್ಯಾಥಾಲಜಿಸ್ಟನ್ನು ಪೂರ್ತಿಯಾಗಿ ಇಟ್ಟುಕೊಳ್ಳುವ ಶಕ್ತಿ ಒಂದಕ್ಕೂ ಇಲ್ಲ. ಹಾಗಾಗಿ ವಾರವಿಡೀ ಕಾರಿನಲ್ಲಿ ತಿರುಗುತ್ತೇನೆ. ಸರ್ಜನ್ನರು ಕತ್ತರಿಸಿ ಕಳಿಸಿದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಇದು ಕ್ಯಾನ್ಸರ್, ಇದು ಅಲ್ಲ ಎಂದು ಬರೆದು ಸಹಿ ಹಾಕುತ್ತೇನೆ. ಆ ಸುದ್ದಿಯನ್ನು ರೋಗಿಗೆ ಹೇಳುವವರು ಬೇರೆಯವರು. ಹೂವಿನ ಗುಚ್ಛವೂ ಅವರಿಗೇ, ಬೈಗುಳವೂ ಅವರಿಗೇ. ಬರ್ನಡೀನ್ ವಾಸಿಂಗರ್ ಎಂಬ ಹೆಸರು ವರದಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಷ್ಟು ಕೆಳಗಿನವರೆಗೆ ಯಾರೂ ಓದುವುದಿಲ್ಲ.

ಈ ಓಡಾಟದಲ್ಲಿ ನನಗೆ ಜೊತೆಯಾಗಿದ್ದದ್ದು ಎಲ್ಡನ್ ಕ್ರೂಗನ ಧ್ವನಿ. ಮೂರು ಆಸ್ಪತ್ರೆಗಳಲ್ಲಿ ದೊಡ್ಡದಿರುವ ಊರಿನ ದನದ ಹರಾಜಿನಲ್ಲಿ ಕೂಗುವವನು ಅವನು. ಬುಧವಾರ ಹರಾಜಿನ ದಿನ ರೇಡಿಯೋದವರು ಅದನ್ನು ಹಾಗೇ ಬಿತ್ತರಿಸುತ್ತಾರೆ. ಬಿಸಿ ಬಾಣಲೆಯಲ್ಲಿ ಜೋಳ ಸಿಡಿದ ಹಾಗೆ ಬೆಲೆಗಳು ಅವನ ಬಾಯಿಂದ ಸಿಡಿಯುತ್ತಿದ್ದವು, ನಡುವೆ ಉಸಿರು ಯಾವಾಗ ತೆಗೆದುಕೊಳ್ಳುತ್ತಿದ್ದನೋ ಗೊತ್ತಾಗುತ್ತಿರಲಿಲ್ಲ. ನಾನು ದನ ಕೊಳ್ಳುವವಳಲ್ಲ. ಆದರೂ ಆ ನೇರ ರಸ್ತೆಯಲ್ಲಿ ತೂಕಡಿಕೆ ಬಂದಾಗಲೆಲ್ಲ ನನ್ನನ್ನು ಎಬ್ಬಿಸಿ ಕೂರಿಸಿದ್ದು ಆ ಧ್ವನಿಯೇ. ಹೋದ ವರ್ಷ ಅವನಿಗೆ ಗಂಟಲಿನ ಕ್ಯಾನ್ಸರ್ ಆಯಿತು, ರೇಡಿಯೇಶನ್ ಕೊಟ್ಟರು. ಅವನ ಜಾಗಕ್ಕೆ ಒಬ್ಬ ಹೊಸಬ ಬಂದ. ಪರೀಕ್ಷೆಯಲ್ಲಿ ಬಾಯಿಪಾಠ ಒಪ್ಪಿಸುವವನ ಹಾಗೆ ಕೂಗುತ್ತಾನೆ. ಅವನು ಬಂದ ಮೇಲೆ ನಾನು ರೇಡಿಯೋ ಹಾಕುವುದನ್ನೇ ಬಿಟ್ಟೆ.

ಆ ಸೋಮವಾರ ಮಧ್ಯಾಹ್ನ ನಾನು ಆಸ್ಪತ್ರೆಯ ನೆಲಮಾಳಿಗೆಗೆ ಇಳಿದಾಗ, ಲ್ಯಾಬ್ ನೋಡಿಕೊಳ್ಳುವ ಲೂಆನ್ ಬೇಫೋರ್ಟ್ ಒಂದು ಸ್ಲೈಡನ್ನು ಬೇರೆಯಾಗಿ ಎತ್ತಿಟ್ಟಿದ್ದಳು.

"ಡಾಕ್ಟ್ರೇ, ಕೋಟು ಆಮೇಲೆ ಬಿಚ್ಚಿ, ಮೊದ್ಲು ಇದನ್ನ ನೋಡ್ಬಿಡಿ. ನಾಳೆ ಬೆಳಿಗ್ಗೆನೇ ಆಪರೇಷನ್ನು. ಟಾಲಿವರ್ ಡಾಕ್ಟ್ರು ಧ್ವನಿಪೆಟ್ಟಿಗೇನೇ ತೆಗೀತಾರಂತೆ."

"ಯಾರ್ದು?"

"ಎಲ್ಡನ್ ಕ್ರೂಗ್‌ದು. ಕ್ಯಾನ್ಸರ್ ವಾಪಸ್ ಬಂದಿದ್ಯಂತೆ."

ನಾನು ಕೋಟು ಬಿಚ್ಚದೆಯೇ ಕೂತೆ.

ಒಂದು ಅಂಗವನ್ನೇ ತೆಗೆಯುವ ಮೊದಲು ಇನ್ನೊಬ್ಬ ಪ್ಯಾಥಾಲಜಿಸ್ಟ್ ಸ್ಲೈಡ್ ನೋಡಬೇಕು ಎಂಬುದು ನಮ್ಮಲ್ಲಿನ ನಿಯಮ. ಮೊದಲು ನೋಡಿದವನು ಕ್ಯಾನ್ಸಸ್ ಸಿಟಿಯ ಒಂದು ಕಂಪನಿಯ ಡಾಕ್ಟರು. ನಾನು ಬೇರೆ ಊರಿನಲ್ಲಿದ್ದ ದಿನ, ಅಲ್ಲಿಂದಲೇ ಕಂಪ್ಯೂಟರಿನ ಪರದೆಯ ಮೇಲೆ ನೋಡಿ ವರದಿ ಬರೆದಿದ್ದ. ಮುಂದಿನ ತಿಂಗಳಿಂದ ಇಲ್ಲಿನ ಕೆಲಸವೆಲ್ಲ ಆ ಕಂಪನಿಗೇ ಹೋಗುತ್ತದೆ. ಹಾಗಂತ ಆಸ್ಪತ್ರೆಯ ಆಡಳಿತಾಧಿಕಾರಿ ಹೋದ ವಾರ ನನ್ನ ಮುಂದೆ ಒಂದು ತಟ್ಟೆ ಬಿಸ್ಕತ್ತು ಇಟ್ಟು ಹೇಳಿದ್ದ. ನನಗೆ ಜಗಳವಾಡುವ ಚೈತನ್ಯವೂ ಇರಲಿಲ್ಲ. ಎರಡು ಬಿಸ್ಕತ್ತು ತಿಂದು ಎದ್ದು ಬಂದಿದ್ದೆ.

ಸ್ಲೈಡಿನ ಮೇಲೆ ಗಂಟಲಿನ ಕೆಲವು ಚೂರುಗಳಿದ್ದವು. ಎಲ್ಲವೂ ರೇಡಿಯೇಶನ್ನಿಂದ ಬೆಂದು, ಊದಿ, ಗಡುಸಾಗಿದ್ದವು. ಅಂಚಿನಲ್ಲಿದ್ದ ಒಂದು ಪುಟ್ಟ ಚೂರಿನಲ್ಲಿ ಮಾತ್ರ ಕ್ಯಾನ್ಸರ್ ಇತ್ತು. ಅನುಮಾನಕ್ಕೆ ಜಾಗವೇ ಇಲ್ಲದ ಕ್ಯಾನ್ಸರ್. ಕಂಪನಿಯ ಡಾಕ್ಟರು ಬರೆದದ್ದು ಸರಿಯಾಗೇ ಇತ್ತು. ಪಾಪ, ಎಲ್ಡನ್, ಮುಗಿಯಿತು ನಿನ್ನ ಕಥೆ ಅಂದುಕೊಂಡೆ. ನನ್ನ ಸೊಂಟ ನೋಯುತ್ತಿತ್ತು. ಪಕ್ಕದಲ್ಲಿ ಇನ್ನೂ ರಾಶಿ ಸ್ಲೈಡುಗಳು ಕಾಯುತ್ತಿದ್ದವು. ಸಹಿ ಹಾಕಲು ಪೆನ್ನು ತೆಗೆದೆ.

ಆದರೆ ಆ ಧ್ವನಿಯ ಮೇಲಿನ ಮೋಹದಿಂದ ಇನ್ನೊಮ್ಮೆ ಕಣ್ಣಿಟ್ಟೆ. ಬೇರೆ ಯಾರದ್ದೋ ಆಗಿದ್ದರೆ ಇಡುತ್ತಿದ್ದೆನೋ ಇಲ್ಲವೋ, ದೇವರಿಗೇ ಗೊತ್ತು. ಆಗ ಕಂಡಿತು, ಆ ಅಂಚಿನ ಚೂರಿನ ಒಳಗೆ ಕರಿ ಮಸಿಯ ಚುಕ್ಕೆಗಳು. ನಾವು ಉಸಿರಾಡಿದ ಹೊಗೆ, ಧೂಳು ಎಲ್ಲ ಶ್ವಾಸಕೋಶಕ್ಕೆ ಹೋಗಿ ಹಾಗೆ ಕರಿಯಾಗಿ ಕೂರುತ್ತವೆ. ಗಂಟಲಿನಲ್ಲಿ ಕೂರುವುದಿಲ್ಲ. ಮೇಲಾಗಿ ಬೇರೆ ಚೂರುಗಳೆಲ್ಲ ಬೆಂದಿದ್ದರೂ ಇದೊಂದಕ್ಕೆ ರೇಡಿಯೇಶನ್ ತಾಗಿದ ಗುರುತೇ ಇರಲಿಲ್ಲ.

ಇದು ನಮ್ಮ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು. ರೋಗಿಯ ಚೂರನ್ನು ಮೇಣದಲ್ಲಿ ಹುಗಿದು, ಕಾಗದಕ್ಕಿಂತ ತೆಳ್ಳಗೆ ಕೊಯ್ದು, ಸುಕ್ಕು ಹೋಗಲೆಂದು ಬೆಚ್ಚನೆಯ ನೀರಿನ ಮೇಲೆ ತೇಲಿಬಿಡುತ್ತಾರೆ. ಆಮೇಲೆ ಗಾಜಿನ ಸ್ಲೈಡಿನಿಂದ ಎತ್ತಿಕೊಳ್ಳುತ್ತಾರೆ. ಒಬ್ಬರದು ಮುಗಿದ ಮೇಲೆ ನೀರಿನ ಮೈಯನ್ನು ತೆಳು ಕಾಗದದಿಂದ ಒರೆಸಬೇಕು. ಒರೆಸದಿದ್ದರೆ ಹಿಂದಿನವರ ಒಂದು ಕಣ ನೀರಲ್ಲೇ ಉಳಿದು, ಮುಂದಿನವರ ಗಾಜನ್ನು ಹತ್ತಿ ಕೂರುತ್ತದೆ.

"ಲೂಆನ್, ಇವನದ್ದಕ್ಕೆ ಮುಂಚೆ ಯಾರ್ದು ಕೊಯ್ದೆ?" ಎಂದೆ.

ಅವಳಿಗೆ ತಕ್ಷಣ ಅರ್ಥವಾಯಿತು. ಮುಖ ಬಿಳಚಿಕೊಂಡಿತು. "ಅವತ್ತು ನಾನೊಬ್ಳೇ ಇದ್ದೆ ಡಾಕ್ಟ್ರೇ. ಇಬ್ರು ಮಾಡೋ ಕೆಲ್ಸ. ನನ್ ಜೊತೇಲಿದ್ದ ಹುಡ್ಗೀನ ಕೆಲ್ಸದಿಂದ ತೆಗೆದುಹಾಕಿದ್ಮೇಲೆ ನಂಗೆ ಊಟಕ್ಕೂ ಪುರುಸೊತ್ತಿಲ್ಲ."

"ನಿನ್ನ ಬೈಯೋಕೆ ನಂಗೂ ಪುರುಸೊತ್ತಿಲ್ಲ. ಹಿಂದಿನ ಸ್ಲೈಡ್ ತಗೊಂಬಾ. ಇವನ ಮೇಣದ ಗಟ್ಟೀನ ಇನ್ನೂ ಆಳಕ್ಕೆ ಕೊಯ್ದು ಕೊಡು."

ಹಿಂದಿನದು ಯಾರದ್ದೋ ಶ್ವಾಸಕೋಶ. ಅದೇ ಕ್ಯಾನ್ಸರ್, ಅದೇ ಕರಿ ಮಸಿ. ಎಲ್ಡನ್ನನ ಗಟ್ಟಿಯನ್ನು ಎಷ್ಟು ಆಳಕ್ಕೆ ಕೊಯ್ದರೂ ಆ ಚೂರು ಮತ್ತೆ ಕಾಣಲಿಲ್ಲ. ನನಗೆ ಖುಷಿಯಾಯಿತು, ಅದರ ಬೆನ್ನಿಗೇ ನಾಚಿಕೆಯೂ ಆಯಿತು. ಆ ಚೂರು ಎಲ್ಡನ್ನನದಲ್ಲ, ಸರಿ. ಆದರೆ ಯಾರದ್ದೂ ಅಲ್ಲ ಎಂದಾಗಲಿಲ್ಲವಲ್ಲ. ಅದರ ಒಡೆಯನಿಗೆ ಈ ಸುದ್ದಿ ಆಗಲೇ ಮುಟ್ಟಿರುತ್ತದೆ. ಅದನ್ನು ನಾನು ಎಷ್ಟು ಸಲ ನೋಡಿದರೂ ಬದಲಾಗುವಂತಿರಲಿಲ್ಲ.

ಟಾಲಿವರ್‌ಗೆ ಫೋನ್ ಮಾಡಿದೆ. ವಿಚಿಟಾದಿಂದ ಮಂಗಳವಾರ ಮಾತ್ರ ಬರುವ ಸರ್ಜನ್ ಅವನು. ಕೈ ಚೆನ್ನಾಗಿದೆ, ತಾಳ್ಮೆ ಇಲ್ಲ.

"ಬರ್ನಡೀನ್, ಅವ್ನ ಧ್ವನಿ ಬಿದ್ದುಹೋಗಿದೆ. ಗಂಟಲಲ್ಲಿ ಊತ ಇರೋದನ್ನ ನಾನೇ ಕಣ್ಣಾರೆ ನೋಡಿದೀನಿ. ಈಗ ಬಂದು ಕ್ಯಾನ್ಸರ್ ಇಲ್ಲ ಅಂತೀರಲ್ಲ."

"ಇಲ್ಲ ಅಂತಿಲ್ಲ. ಆ ಸ್ಲೈಡಲ್ಲಿ ಇರೋದು ಅವ್ನದ್ದಲ್ಲ ಅಂತಿದೀನಿ. ರೇಡಿಯೇಶನ್ ಆದ ಗಂಟಲು ಸುಮ್ಸುಮ್ನೆನೂ ಊದುತ್ತೆ."

"ಅವ್ನು ಸಹಿ ಹಾಕಿ, ಹೆಂಡ್ತಿ ಅತ್ತು ಎಲ್ಲಾ ಮುಗೀತು. ನಾಳೆ ಬಿಟ್ರೆ ಇನ್ನೊಂದು ವಾರ. ನಿಜವಾಗ್ಲೂ ಇದ್ದಿದ್ರೆ?"

"ನಾಳೆನೇ ಮತ್ತೆ ಚೂರು ತೆಗೀರಿ. ಊತ ಇರೋ ಕಡೆಯಿಂದ್ಲೇ. ನಾನು ಪಕ್ಕದ ರೂಮಲ್ಲೇ ಕೂತ್ಕೊಂಡು ನೋಡಿ ಹೇಳ್ತೀನಿ. ಇದೆ ಅಂದ್ರೆ ಕೊಯ್ರಿ, ಇಲ್ಲಾಂದ್ರೆ ಎಬ್ಬಿಸಿ ಮನೆಗೆ ಕಳ್ಸಿ."

"ಬೆಂದ ಗಂಟಲನ್ನ ಹೆಪ್ಪುಗಟ್ಟಿಸಿ ನೋಡೋದು ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳ್ಬೇಕಾ?"

"ಬೇಡ," ಎಂದೆ.

ಮರುದಿನ ಬೆಳಿಗ್ಗೆ ಆಪರೇಷನ್ ಕೋಣೆಯ ಪಕ್ಕದ ಗೂಡಿನಂಥ ಜಾಗದಲ್ಲಿ ಕೂತೆ. ನಡುವೆ ಒಂದು ಸಣ್ಣ ಕಿಟಕಿ. ಅದರಾಚೆ ಹಸಿರು ಬಟ್ಟೆ ಹೊದ್ದು ಎಲ್ಡನ್ ಮಲಗಿದ್ದ. ಅಷ್ಟು ವರ್ಷ ಕೇಳಿದವಳು ಅವನನ್ನು ನೋಡಿದ್ದು ಆಗಲೇ, ಅದೂ ಅಂಗಾಲು ಮಾತ್ರ. ಟಾಲಿವರ್ ಚೂರುಗಳನ್ನು ಕಳಿಸಿದ. ಮೇಣಕ್ಕೆಲ್ಲ ಸಮಯವಿಲ್ಲದಾಗ ಚೂರನ್ನು ಹೆಪ್ಪುಗಟ್ಟಿಸಿ ಕೊಯ್ಯುತ್ತೇವೆ, ಚಿತ್ರ ಅಷ್ಟು ಸ್ಪಷ್ಟವಾಗಿರುವುದಿಲ್ಲ. ಕೆಲವು ಜೀವಕೋಶಗಳು ದೊಡ್ಡದಾಗಿ, ವಿಕಾರವಾಗಿ ಕಂಡವು. ರೇಡಿಯೇಶನ್ ಸುಟ್ಟರೂ ಹಾಗೇ ಕಾಣುತ್ತವೆ, ಕ್ಯಾನ್ಸರ್ ಆದರೂ ಹಾಗೇ ಕಾಣುತ್ತವೆ. ಇದೆ ಎಂದು ತಪ್ಪಾಗಿ ಹೇಳಿದರೆ ಅವನ ಧ್ವನಿ ಹೋಗುತ್ತದೆ, ಇಲ್ಲ ಎಂದು ತಪ್ಪಾಗಿ ಹೇಳಿದರೆ ಅವನೇ ಹೋಗುತ್ತಾನೆ. ಇದನ್ನೆಲ್ಲ ಬೇರೆ ಯಾರಾದರೂ ನೋಡಬಾರದೇ, ನಾನು ಮನೆಗೆ ಹೋಗಿ ಮಲಗಬಾರದೇ ಅನ್ನಿಸಿತು. ನಿಜವಾಗಿ ಅನ್ನಿಸಿತು.

"ಇನ್ನೊಂದು ಚೂರು ಕಳ್ಸಿ. ಇನ್ನೂ ಆಳದಿಂದ," ಎಂದೆ.

"ಎಷ್ಟು ಹೊತ್ತು ಮಲಗಿಸ್ಲಿ ಇವ್ನನ್ನ?" ಟಾಲಿವರ್ ಗೊಣಗಿದ. ಆದರೂ ಕಳಿಸಿದ.

ಆ ಚೂರಿನಲ್ಲೂ ವಿಕಾರ ಜೀವಕೋಶಗಳಿದ್ದವು. ಆದರೆ ಅಲ್ಲೊಂದು ಇಲ್ಲೊಂದು ಬಿಡಿಯಾಗಿ, ಸುಮ್ಮನೆ ಕೂತಿದ್ದವು. ಎಲ್ಲಿಯೂ ಗುಂಪು ಕಟ್ಟಿ ಒಳಗೆ ನುಗ್ಗಿರಲಿಲ್ಲ. ಎರಡು ಸಲ ಪೂರ್ತಿ ನೋಡಿದೆ. ಕಿಟಕಿಗೆ ಹೋದೆ.

"ಕ್ಯಾನ್ಸರ್ ಇಲ್ಲ. ಸುಟ್ಟ ಗಾಯ ಅಷ್ಟೇ."

"ಎಬ್ಬಿಸ್ಲಾ?"

"ಎಬ್ಬಿಸಿ."

ಅವನು ಕೈಗವಸು ಕಿತ್ತು ಬುಟ್ಟಿಗೆ ಎಸೆದ. ಎಲ್ಡನ್ನನ ಹೆಂಡತಿಗೆ ಸುದ್ದಿ ಹೇಳಲು ಹೊರಗೆ ನಡೆದ. ನಾನು ಕೆಳಗೆ ಹೋಗಿ ಮೊದಲ ವರದಿಯನ್ನು ತಿದ್ದಿದೆ. ಲ್ಯಾಬಿನಲ್ಲಿ ತಪ್ಪಾಗಿದೆ ಎಂದು ನನ್ನ ಹೆಸರಿನ ಮೇಲೆಯೇ ಬರೆಯಬೇಕಾಯಿತು, ಲ್ಯಾಬಿನ ಹೊಣೆ ಆ ತಿಂಗಳ ಕೊನೆಯವರೆಗೂ ನನ್ನದೇ ತಾನೆ. ಆಡಳಿತಾಧಿಕಾರಿ ಅದನ್ನು ಓದಿ, "ನೋಡಿ, ಇದಕ್ಕೇ ನಾವು ಕಂಪನಿಗೆ ಹೋಗ್ತಿರೋದು," ಅಂದ. ಈ ಸಲ ಬಿಸ್ಕತ್ತೂ ಇರಲಿಲ್ಲ.

ಆಮೇಲೆ ಬಂದ ಮೇಣದ ಸ್ಲೈಡುಗಳಲ್ಲೂ ಏನೂ ಇರಲಿಲ್ಲ. ಔಷಧಿಗೆ ಊತ ಇಳಿಯಿತು ಎಂದು ಲೂಆನ್ ಹೇಳಿದಳು.

ಆ ಊರಿನ ನನ್ನ ಕೊನೆಯ ದಿನ ಬುಧವಾರ ಬಿತ್ತು. ಮೈಕ್ರೋಸ್ಕೋಪನ್ನು ಕಾರಿನ ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಕೂರಿಸಿ, ಹರಾಜಿನ ಕಟ್ಟಡದಲ್ಲಿರುವ ಹೋಟೆಲಿಗೆ ಊಟಕ್ಕೆ ಹೋದೆ. ಕೋಸು, ಮಾಂಸ ತುಂಬಿದ ಬೀರಾಕ್ ಎಂಬ ಬನ್ನು ನಮ್ಮ ಅಜ್ಜಿ ಮಾಡುತ್ತಿದ್ದ ಹಾಗೆ ಸಿಗುವುದು ಅಲ್ಲಿಯೇ. ಹರಾಜಿನ ದಿನ ಕಾಲಿಡಲು ಜಾಗವಿರುವುದಿಲ್ಲ. ನನ್ನ ಮೇಜಿನ ಎದುರು ಕುರ್ಚಿಗೆ ಬಂದು ಕೂತವನು, ಕಾಫಿ ತಂದವಳ ಹತ್ತಿರ ಮಾತಾಡಿದಾಗ ನನ್ನ ಕೈಯ ಚಮಚ ನಿಂತಿತು. ಸ್ವಲ್ಪ ಒಡೆದಿತ್ತು, ಆದರೂ ಅದೇ ಧ್ವನಿ.

"ಇವತ್ತಿಂದ ಶುರು ಕಣಮ್ಮ, ಅರ್ಧ ದಿನ ಮಾತ್ರ. ಆ ಲ್ಯಾಬಿನ ಕತ್ತೆಗಳು ಯಾರ್ದೋ ಚೂರನ್ನ ನಂದು ಅಂತ ಬರ್ದು ನನ್ನ ಕತ್ತು ಕೊಯ್ಸೋದ್ರಲ್ಲಿದ್ರು. ಟಾಲಿವರ್ ಡಾಕ್ಟ್ರು ಪುಣ್ಯಾತ್ಮ, ಏನೋ ಅನುಮಾನ ಬಂದು ಕೊನೇ ಗಳಿಗೇಲಿ ನಿಲ್ಸಿದ್ರು. ಅವ್ರಿಗೆ ಅರ್ಧ ಹೋರಿ ಕೊಯ್ಸಿ ಕಳಿಸ್ಕೊಟ್ಟಿದೀನಿ." ಆಮೇಲೆ ನನ್ನ ಕಡೆ ತಿರುಗಿದ. "ನಿಮ್ಮನ್ನ ಎಲ್ಲೂ ನೋಡಿಲ್ವಲ್ಲ, ಯಾವ ಕಡೆ?"

"ಆಸ್ಪತ್ರೇಲಿ ಕೆಲ್ಸ ಮಾಡ್ತಿದ್ದೆ. ಕೆಳಗೆ, ನೆಲಮಾಳಿಗೇಲಿ."

"ಅಡುಗೆಮನೇಲಾ?"

ಬಾಯಿ ತೆರೆದೆ. ಎಲ್ಲವನ್ನೂ ಹೇಳಿಬಿಡಬೇಕು ಅನ್ನಿಸಿತು. ಆದರೆ ಆ ಕರಿ ಮಸಿಯಿಂದ ಹಿಡಿದು ಬಿಸ್ಕತ್ತಿನವರೆಗೆ ಎಲ್ಲಿಂದ ಶುರು ಮಾಡುವುದು? ಅದಕ್ಕೂ ಸುಸ್ತಾಗಿತ್ತು. ಹೂಂ ಅಂದೆ.

"ಹಾಗಿದ್ರೆ ಬೇಜಾರು ಮಾಡ್ಕೋಬೇಡಿ, ಆಸ್ಪತ್ರೆಯ ಆ ನೂಡಲ್ ಸೂಪಿಗೆ ಒಂಚೂರು ಉಪ್ಪು ಹಾಕೋಕೆ ಹೇಳಿ," ಅಂದ. ಕಾಫಿ ಕುಡಿದು, ಹ್ಯಾಟು ಎತ್ತಿಕೊಂಡು ಒಳಗೆ ಹೋದ.

ಗೋಡೆಯಾಚೆ ಮೈಕು ಕರಕರ ಅಂದಿತು. ಮೊದಲ ಹಸುಗಳು ಕಣಕ್ಕೆ ಬಂದ ಸದ್ದು ಕೇಳಿತು, ಹಿಂದೆಯೇ ಎಲ್ಡನ್ ಶುರು ಮಾಡಿದ. ಮೊದಲು ತಡವರಿಸಿದ, ಒಮ್ಮೆ ಕೆಮ್ಮಿದ, ಆಮೇಲೆ ಜೋಳ ಸಿಡಿಯತೊಡಗಿತು. ಊಟ ಮಾಡುತ್ತಿದ್ದವರೆಲ್ಲ ಮಾತು ನಿಲ್ಲಿಸಿದರು. ಈ ಕಸುಬಿಗೆ ಬಂದ ಮೇಲೆ ಒಬ್ಬ ರೋಗಿಯ ಬಾಯಿಂದ ನನಗೆ ನೇರವಾಗಿ ಸಿಕ್ಕಿದ್ದು ಲ್ಯಾಬಿನ ಕತ್ತೆ ಎಂಬ ಆ ಒಂದು ಬೈಗುಳ. ಬೈಯಲು ಅವನಿಗೆ ಗಂಟಲು ಉಳಿದಿತ್ತು. ನನ್ನ ಕಣ್ಣು ತುಂಬಿ ಬಂತು, ಕರವಸ್ತ್ರ ಕಾರಿನಲ್ಲಿತ್ತು, ಮೇಜಿನ ಕಾಗದದಲ್ಲೇ ಒರೆಸಿಕೊಂಡೆ. ಕಾಫಿಯವಳು ಬಂದು ಇನ್ನೇನಾದರೂ ಬೇಕೇ ಎಂದಳು. ಚೆರ್ರಿ ಪೈ ಒಂದು ತುಂಡು ತರಲು ಹೇಳಿದೆ. ಮುಂದಿನ ಊರಿನ ಆಸ್ಪತ್ರೆಯಲ್ಲಿ ಸ್ಲೈಡುಗಳು ಕಾಯುತ್ತಿದ್ದವು, ಆದರೂ ಅವನು ಆ ಹಸುಗಳನ್ನೆಲ್ಲ ಮಾರಿ ಮುಗಿಸುವವರೆಗೂ ಅಲ್ಲಿಯೇ ಕೂತಿದ್ದೆ.