ಗಮನವಿಟ್ಟು ನಡೆದವರ ಊಟ

ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು ನನ್ನ ತಮ್ಮ ವಿಹಾರದ ಅಂಗಳಕ್ಕೆ ಬಂದಾಗಲೇ ನನ್ನ ಬಲಗಣ್ಣು ಅದುರಿತ್ತು.

ವಿಹಾರದ ಅಡುಗೆಮನೆ ನನ್ನದು. ಚಿಕ್ಕ ಭಿಕ್ಷುಗಳೆಂದರೆ ಇನ್ನೂ ಮೀಸೆ ಚಿಗುರದ ಹುಡುಗರು; ಕಾವಿ ಚೀವರ ಹೊದ್ದರೇನಂತೆ, ಹೊಟ್ಟೆ ಮಕ್ಕಳದೇ. ಮಧ್ಯಾಹ್ನ ಹನ್ನೆರಡು ದಾಟಿತೋ, ಮರುದಿನ ಬೆಳಗಾಗುವವರೆಗೆ ಒಂದಗುಳನ್ನೂ ಮುಟ್ಟುವಂತಿಲ್ಲ. ವ್ರತ ಅಂದರೆ ವ್ರತ. ಅಷ್ಟರೊಳಗೆ ಅವರ ಪಾತ್ರೆ ತುಂಬಿಸುವುದೇ ನನ್ನ ಜಪ, ನನ್ನ ತಪ.

ತಮ್ಮ ಎಲ್ಲೋ ಒಂದು ವಾರ ತರಬೇತಿ ಪಡೆದು 'ಪ್ರಕೃತಿ ಧ್ಯಾನದ ಗುರು' ಆಗಿಬಿಟ್ಟಿದ್ದ. ಹಿತ್ತಲ ಗಿಡಕ್ಕೆ ಒಂದು ಚೊಂಬು ನೀರು ಹಾಕಿದವನಲ್ಲ ಪುಣ್ಯಾತ್ಮ! ವಿಹಾರದ ಹಿರಿಯರಾದ ದೊಡ್ಡ ಭಂತೇಜಿ ಯಾರಿಗೂ ಇಲ್ಲ ಎನ್ನುವವರಲ್ಲ. "ಮಕ್ಕಳು ನಾಲ್ಕು ಮರ ನೋಡ್ಕೊಂಡು ಬರ್ಲಿ. ಊಟದ ಜವಾಬ್ದಾರಿ ನಿಂದಮ್ಮ," ಎಂದರು. ನಾನೂ ಆಗಲಿ ಎಂದೆ.

ಹುಡುಗರು ತಮ್ಮನ ಜೊತೆ ಕಾಡಿನ ದಾರಿಯಲ್ಲಿ ನಡೆದು ಕೆರೆ ದಂಡೆಗೆ ಬಂದು ಉಣ್ಣುವುದೆಂದು ಮಾತಾಗಿತ್ತು. ನಾನು ಅನ್ನ, ಪಲ್ಯ ಹೊತ್ತ ಗಾಡಿಯಲ್ಲಿ ಮೊದಲೇ ಹೋಗಿ ಕೂತೆ. ದಂಡೆಯ ಮರಕ್ಕೆ ತಮ್ಮ ಹಿಂದಿನ ದಿನವೇ ಬ್ಯಾನರ್ ಬಡಿದು ಹೋಗಿದ್ದ: 'ಮರಕ್ಕೂ ನೋವಿದೆ'. ಪ್ಲಾಸ್ಟಿಕ್ ಬ್ಯಾನರು, ಮೂಲೆಗೊಂದು ಮೊಳೆ.

ಕಾದೆ, ಕಾದೆ. ಕೊನೆಗೆ ದೂರದಲ್ಲಿ ಕಾಣಿಸಿಕೊಂಡರು. ನಡೆಯುತ್ತಿದ್ದಾರೋ ನಿಂತಿದ್ದಾರೋ ತಿಳಿಯಲಿಲ್ಲ. ಕಾಲೆತ್ತುವುದು, ಅದನ್ನು ಗಮನಿಸುವುದು, ಇಡುವುದು, ಅದನ್ನೂ ಗಮನಿಸುವುದು! ಬಸವನಹುಳವೂ ನಾಚಬೇಕು. ನಾನೇ ಎದುರು ಓಡಿದೆ.

"ಹೊತ್ತು ಮೀರ್ತಾ ಇದೆ ಕಣೋ! ಬೇಗ ಕರ್ಕೊಂಡು ಬಾ."

ಅವನು ತುಟಿಗೆ ಬೆರಳಿಟ್ಟ. "ಶ್! ಮೌನ ನಡಿಗೆ ಅಕ್ಕ. ಹೊತ್ತು ಅನ್ನೋದೇ ಇಲ್ಲ, ಇರೋದು ಈ ಕ್ಷಣ ಮಾತ್ರ."

ಹುಡುಗರಲ್ಲಿ ದೊಡ್ಡವನ ಮಣಿಕಟ್ಟು ನೋಡಿದೆ. ಊಟದ ಹೊತ್ತು ತಪ್ಪದಿರಲೆಂದು ದೊಡ್ಡ ಭಂತೇಜಿಯೇ ಕಟ್ಟಿದ್ದ ಗಡಿಯಾರ ಅಲ್ಲಿರಲಿಲ್ಲ. ಅದರ ಪಟ್ಟಿ ನಮ್ಮ ಪ್ರಕೃತಿ ಗುರುಗಳ ಜೇಬಿನಿಂದ ಇಣುಕುತ್ತಿತ್ತು. ಹುಡುಗರು ಕಣ್ಣಲ್ಲೇ ನನ್ನನ್ನು ಬೇಡುತ್ತಿದ್ದರು. ಮೌನದ ಮಾತು ಕೊಟ್ಟಿದ್ದರಿಂದ ಒಬ್ಬರೂ ತುಟಿ ಬಿಚ್ಚಲಿಲ್ಲ.

"ನಿನ್ನ ಕ್ಷಣಕ್ಕೆ ಬೆಂಕಿ ಬೀಳ! ಮಕ್ಕಳು ಉಪವಾಸ ಬೀಳ್ತಾವೆ."

"ಹಸಿವನ್ನೂ ಗಮನಿಸ್ಲಿ," ಎಂದವನೇ ದಾರಿಗಡ್ಡ ಹೋಗುತ್ತಿದ್ದ ಇರುವೆ ಸಾಲಿನ ಮುಂದೆ ಎಲ್ಲರನ್ನೂ ಕುಕ್ಕರಗಾಲಲ್ಲಿ ಕೂರಿಸಿಬಿಟ್ಟ. ಇರುವೆಗಳು ತಮ್ಮ ಊಟ ಹೊತ್ತುಕೊಂಡು ಸರಸರನೆ ಹೋದವು. ಅವಕ್ಕಿದ್ದ ಬುದ್ಧಿ ಇವನಿಗಿರಲಿಲ್ಲ.

ಇನ್ನು ಇವನನ್ನು ನಂಬಿದರೆ ಕೆಟ್ಟೆ ಎಂದು ವಾಪಸ್ ಓಡಿ, ಅನ್ನದ ಪಾತ್ರೆಯನ್ನೇ ಸೊಂಟಕ್ಕೇರಿಸಿಕೊಂಡು ಏದುಸಿರು ಬಿಡುತ್ತ ಬಂದೆ. ಹುಡುಗರು ಎದ್ದು, ಭಿಕ್ಷಾಪಾತ್ರೆಯ ಮುಚ್ಚಳ ತೆಗೆದು ಸಾಲಾಗಿ ನಿಂತರು. ಸೌಟು ಅನ್ನಕ್ಕಿಳಿಯಿತು. ಆಚೆ ದಂಡೆಯ ಕಾರ್ಖಾನೆಯಲ್ಲಿ ಹನ್ನೆರಡರ ಸೈರನ್ ಕೂಗಿತು.

ದೊಡ್ಡ ಹುಡುಗ ಮುಚ್ಚಳ ಹಾಕಿದ. ಅವನ ಹಿಂದೆ ಒಬ್ಬೊಬ್ಬರೇ ಹಾಕಿದರು. ನನಗೆ ಅಲ್ಲೇ ಕೂತು ಅತ್ತುಬಿಡುವ ಹಾಗಾಯಿತು.

"ಛೆ, ನಿಯಮ ಅಂದ್ರೆ ಇಷ್ಟೊಂದು ಗಟ್ಟಿನಾ?" ಎಂದ ತಮ್ಮ. ಆಮೇಲೆ ಪಾತ್ರೆಗೆ ಇಣುಕಿ, "ಅನ್ನ ವೇಸ್ಟ್ ಮಾಡೋದು ಪರಿಸರಕ್ಕೆ ದ್ರೋಹ ಅಕ್ಕ. ನನಗಾದ್ರೂ ಬಡಿಸು," ಎಂದ.

ಬಡಿಸಿದೆ. ಎಲ್ಲರನ್ನೂ ದಂಡೆಗೆ ಕರೆತಂದು, ಗಾಡಿಯಲ್ಲಿದ್ದ ತಟ್ಟೆ ತೆಗೆದು, ಮುಖಕ್ಕೆ ರಾಚುವ ಹಾಗೆ ಬಡಿಸಿದೆ. ಅವನು ಬ್ಯಾನರಿನ ನೆರಳಲ್ಲಿ ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ, ಒಂದೊಂದು ತುತ್ತನ್ನೂ ಅನುಭವಿಸಿ ನುಂಗಿದ. ಹುಡುಗರು ಸುತ್ತ ಕೂತು, ಅವನ ತಟ್ಟೆಗೆ ನೊಣ ಕೂರದಂತೆ ಕೈಯಾಡಿಸುತ್ತಿದ್ದರು. ಬೈಯಬಾರದೇ ಆ ಮಕ್ಕಳು! ಒಬ್ಬನಂತೂ, "ಇನ್ನೊಂದು ಸ್ವಲ್ಪ ಹಾಕಿಸ್ಕೊಳ್ಳಿ ಸಾರ್," ಎಂದ. ಇವನು ಹಾಕಿಸಿಕೊಂಡ.

ವಿಹಾರಕ್ಕೆ ಮರಳಿ ನಾನು ಬೆಲ್ಲದ ನೀರು ಕಲಸಿಕೊಟ್ಟೆ. ಅಷ್ಟಕ್ಕೆ ಮಾತ್ರ ಅಪ್ಪಣೆಯಿದೆ. ಗಟಗಟನೆ ಕುಡಿದರು. ದೊಡ್ಡ ಭಂತೇಜಿ ಬಂದು ಎಲ್ಲರನ್ನೂ ಕೂರಿಸಿಕೊಂಡು, "ಏನೇನು ನೋಡಿದ್ರಪ್ಪ ಇವತ್ತು?" ಎಂದು ಕೇಳಿದರು.

"ಹೇಳಿ, ಹೇಳಿ. ನಾಚ್ಕೋಬೇಡಿ," ಎಂದ ತಮ್ಮ, ಎದೆಯುಬ್ಬಿಸಿ.

ಎಲ್ಲರಿಗಿಂತ ಚಿಕ್ಕವನು ಎದ್ದು ಕೈಜೋಡಿಸಿದ. "ಸಾರ್ ಊಟ ಮಾಡೋದನ್ನ ನೋಡಿದ್ವಿ ಭಂತೇಜಿ. ಕೊನೇ ತುತ್ತಿನ ತನಕ, ಗಮನ ಇಟ್ಟು ನೋಡಿದ್ವಿ."

ಅವನ ದನಿಯಲ್ಲಿ ದೂರಿರಲಿಲ್ಲ. ಪಾಠ ಸರಿಯಾಗಿ ಒಪ್ಪಿಸಿದ ಹೆಮ್ಮೆಯಿತ್ತು. ದೊಡ್ಡ ಭಂತೇಜಿ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.