ಸಿಲ್ಲಿ

ಗುಬ್ಬಿ ಕಾಲೇಜಿಗೆ ತುಮಕೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಇಂಗ್ಲಿಷ್ ಮೇಷ್ಟ್ರು ರೇಣುಕಾಪ್ರಸಾದ್ ಮಾತೆತ್ತಿದರೆ ಹೆಂಡತಿಯನ್ನು "ಸಿಲ್ಲಿ" ಎನ್ನುತ್ತಿದ್ದರು. ತೊಂಬತ್ತಾರನೇ ಇಸವಿಯಲ್ಲಿ ಒಂದು ಬೆಳಿಗ್ಗೆ ಅವರ ಹೆಂಡತಿ ಸರ್ವಮಂಗಳಾ ಗಂಡನದೇ ದಪ್ಪ ಡಿಕ್ಷನರಿ ತೆರೆದು ಕೂತಿದ್ದಳು.

"ರೀ, ಸಿಲ್ಲಿ ಅಂದ್ರೆ ಹಿಂದೆ ದೇವರ ಕೃಪೆ ಇರೋರು ಅಂತಿತ್ತಂತೆ. ಆಮೇಲೆ ಮುಗ್ಧರು, ಆಮೇಲೆ ಪಾಪದೋರು, ಈಗ ಪೆದ್ದರು. ಅಷ್ಟು ಒಳ್ಳೇ ಮಾತು ಹಿಂಗ್ಯಾಕೆ ಕೆಡ್ತು?"

ಮೇಷ್ಟ್ರಿಗೆ ಇದು ಗೊತ್ತೇ ಇರಲಿಲ್ಲ. "ಅದೆಲ್ಲ ದೊಡ್ಡ ಶಾಸ್ತ್ರ, ನಿಂಗೆ ತಿಳಿಯಲ್ಲ. ಬಸ್ಸಿಗೆ ಹೊತ್ತಾಯ್ತು" ಎನ್ನುತ್ತಾ ಗಡಿಬಿಡಿಯಿಂದ ಬ್ಯಾಗು ಹೆಗಲಿಗೇರಿಸಿ ಗೇಟು ದಾಟಿದರು.

ಸರ್ವಮಂಗಳಾ ಬಾಗಿಲಿಗೆ ಬಂದು ಕೂಗಿದಳು: "ಅಯ್ಯೋ ಪುಣ್ಯಾತ್ಮ, ಇವತ್ತು ಭಾನುವಾರ ಕಣ್ರೀ!"

ಮೇಷ್ಟ್ರು ರಸ್ತೆಯಲ್ಲೇ ನಿಂತರು. ಪುಣ್ಯಾತ್ಮ ಎನ್ನುವಂಥ ಒಳ್ಳೆಯ ಮಾತು ಹೇಗೆ ಕೆಡುತ್ತದೆಂದು ಅವರಿಗೆ ಥಟ್ಟನೆ ಅರ್ಥವಾಯಿತು. ಒಳಗೆ ಬಂದು, "ಒಂದ್ಲೋಟ ಕಾಫಿ ಕೊಡೇ" ಎಂದು ನಗು ತಡೆದುಕೊಂಡರು.