ಗೊಂಬೆಯ ಗಂಟಲು

ತರಬೇತಿ ಕೇಂದ್ರದ ಆ ಕೋಣೆಯಲ್ಲಿ ಎಲ್ಲವೂ ನಿಜವಾದ ವಾರ್ಡಿನ ಹಾಗೇ ಇತ್ತು, ವಾಸನೆಯೊಂದನ್ನು ಬಿಟ್ಟು. ಸ್ಟೀಲಿನ ಮಂಚ, ತಲೆದೆಸೆಯಲ್ಲಿ ಆಮ್ಲಜನಕದ ಕೊಳವೆ, ಡ್ರಿಪ್ ಬಾಟಲಿ ತೂಗುವ ಕಂಬ, ಔಷಧಿಯ ಟ್ರಾಲಿ, ಎಳೆದರೆ ಕಿರ್ರೆನ್ನುವ ಹಸಿರು ಪರದೆ. ಮಂಚದ ಮೇಲೆ ರೋಗಿಯ ಅಂಗಿ ತೊಟ್ಟ ರಬ್ಬರಿನ ಗೊಂಬೆ. ಅದರ ಎದೆ ಏರಿಳಿಯುತ್ತಿತ್ತು, ರೆಪ್ಪೆ ಮುಚ್ಚಿ ತೆರೆಯುತ್ತಿತ್ತು. ಎದುರು ಗೋಡೆಯಲ್ಲಿ ಕಪ್ಪು ಗಾಜು. ಗಾಜಿನ ಆಚೆ ಕೂತ ತರಬೇತಿ ಮೇಡಂ ಗುಂಡಿ ಒತ್ತಿದರೆ ಗೊಂಬೆಯ ನಾಡಿ ಓಡುತ್ತಿತ್ತು, ಉಸಿರು ಕಟ್ಟುತ್ತಿತ್ತು, ಬಾಯಿ ಮಾತಾಡುತ್ತಿತ್ತು. ಕಲಿಯಲು ಬಂದವರೆಲ್ಲ ಅದನ್ನು ಗೊಂಬೆಯಮ್ಮ ಅನ್ನುತ್ತಿದ್ದರು.

ಹೊಸ ನಿಯಮ ಬಂದಿತ್ತು. ತೀವ್ರ ನಿಗಾ ಘಟಕದಲ್ಲಿ ಕೆಲಸ ಮಾಡುವ ನರ್ಸುಗಳೆಲ್ಲ ಈ ತರಬೇತಿ ಮುಗಿಸಿ, ಗೊಂಬೆಯ ಮುಂದೆ ಪರೀಕ್ಷೆ ಕೊಟ್ಟು ಪಾಸಾಗಬೇಕು. ಇಲ್ಲದಿದ್ದರೆ ಬಟ್ಟೆಯ ಉಗ್ರಾಣಕ್ಕೋ ಚೀಟಿ ಕೊಡುವ ಕಿಟಕಿಗೋ ವರ್ಗ. ಆಮೇಲೆ ರೋಗಿಯ ಮೈ ಮುಟ್ಟುವ ಹಾಗಿಲ್ಲ.

"ಮೀನಿನ ಮರಿಗೆ ಈಜು ಕಲಿಸ್ತಾರಂತೆ ರೀ" ಎಂದು ದೊಡ್ಡ ಸಿಸ್ಟರ್ ಗಂಡನ ಹತ್ತಿರ ಹೇಳಿ ನಕ್ಕಿದ್ದಳು. ನಿಗಾ ಘಟಕದಲ್ಲೇ ಅವಳ ತಲೆ ನರೆತಿತ್ತು. ಅಲ್ಲಿ ಎಲ್ಲರಿಗಿಂತ ಹಿರಿಯಳಾದ್ದರಿಂದಲೇ ಆ ಹೆಸರು ಬಿದ್ದಿತ್ತು.

ಅಭ್ಯಾಸಕ್ಕೆ ಅವಳ ಸರದಿ ಬಂತು. ಮೇಡಂ ಮೊದಲೇ ಹೇಳಿಕೊಟ್ಟ ಕಥೆ ಇಷ್ಟೇ: ರೋಗಿಗೆ ಆಗಷ್ಟೇ ಡ್ರಿಪ್‌ನಲ್ಲಿ ಔಷಧಿ ಕೊಟ್ಟಿದೆ, ಮೈಗೆ ಒಗ್ಗಿಲ್ಲ, ಉಸಿರು ಕಟ್ಟುತ್ತಿದೆ. ಮಾಡಬೇಕಾದ್ದು ಅವಳಿಗೆ ನಿದ್ದೆಗಣ್ಣಿನಲ್ಲೂ ಗೊತ್ತು. ಡ್ರಿಪ್ ನಿಲ್ಲಿಸಬೇಕು, ಸಹಾಯಕ್ಕೆ ಕೂಗಬೇಕು, ತೊಡೆಗೆ ಅಡ್ರಿನಲಿನ್ ಚುಚ್ಚಬೇಕು, ಮುಖಕ್ಕೆ ಆಮ್ಲಜನಕ ಹಾಕಬೇಕು. ಪರದೆ ಸರಿಸಿ ಒಳಗೆ ಕಾಲಿಟ್ಟಳು.

"ಯಾರಮ್ಮ ಅದು?" ಎಂದಿತು ಗೊಂಬೆ.

ಅಕ್ಕನ ದನಿ.

ದೊಡ್ಡ ಸಿಸ್ಟರ್ ಇಟ್ಟ ಹೆಜ್ಜೆಯಲ್ಲೇ ನಿಂತಳು. ಅಕ್ಕನ ಹಾಗಿರುವ ದನಿಯಲ್ಲ, ಅಕ್ಕನದೇ. ಬಾಗಿಲು ತಟ್ಟಿದ ಸದ್ದಾದರೆ ಸಾಕು, ಅಡುಗೆಮನೆಯೊಳಗಿಂದ ಅಕ್ಕ ಹೀಗೇ ಕೇಳುತ್ತಿದ್ದಳು. ಹಾಲಿನವನು ಬಂದರೂ "ಯಾರಮ್ಮ ಅದು?" ಕಟ್ಟಿಕೊಂಡ ಗಂಡ ಬಂದರೂ "ಯಾರಮ್ಮ ಅದು?" ಭಾವ ಹೊಸಿಲಾಚೆಯಿಂದಲೇ "ನಾನಮ್ಮ, ನಿನ್ನ ಗಂಡಮ್ಮ" ಅನ್ನುತ್ತಿದ್ದರು, ಮನೆಯೆಲ್ಲ ನಗು. ಆ ಅಕ್ಕ ತೀರಿಕೊಂಡು ವರ್ಷ ತುಂಬಿತ್ತು.

"ಎದೆ ಬಿಗೀತಾ ಇದೆ... ಏನೋ ಆಗ್ತಿದೆ ನಂಗೆ..."

ಡ್ರಿಪ್ ನಿಲ್ಲಿಸಬೇಕಾದ ಕೈ ಗೊಂಬೆಯ ಹಣೆಯ ಮೇಲೆ ಹೋಯಿತು. ರಬ್ಬರು ತಣ್ಣಗಿತ್ತು. ದನಿ ಕೀರಲಾಯಿತು, ತುಂಡಾಯಿತು, ನಿಂತಿತು. ಮಾನಿಟರು ಒಂದೇ ಸಮನೆ ಕೂಗಿತು.

ಕಪ್ಪು ಗಾಜಿನ ಹಿಂದಿನಿಂದ ಮೇಡಂ ಮೈಕಿನಲ್ಲಿ, "ಇರಲಿ ದೊಡ್ಡ ಸಿಸ್ಟರ್. ಮೊದಲ ಸಲ ಎಲ್ಲರಿಗೂ ಹೀಗೇ" ಎಂದರು.

ಹೊರಗೆ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಎಳೆಯ ನರ್ಸು ಬಾಯಿ ಬಿಟ್ಟುಕೊಂಡು ನೋಡಿದಳು. ಅವಳ ಮಾತಿಗೆ ಪೂರ್ಣವಿರಾಮವೇ ಇರಲಿಲ್ಲವಾದ್ದರಿಂದ ಎಲ್ಲರೂ ಅವಳನ್ನು ಗಿಣಿ ಅನ್ನುತ್ತಿದ್ದರು. "ನೀವೇ ಗೊಂಬೆಯಮ್ಮನ್ನ ಸಾಯಿಸಿಬಿಟ್ರಾ? ಹಂಗಾದ್ರೆ ನಾವೆಲ್ಲ ಈಗ್ಲೇ ಬಟ್ಟೆ ಮಡಚೋದು ಕಲಿಯೋದು ವಾಸಿ ಬಿಡಿ!"

ದೊಡ್ಡ ಸಿಸ್ಟರ್ ನಗಲಿಲ್ಲ. ಅವಳಿಗೆ ಒಂದು ಹಳೆಯ ಮಾತು ನೆನಪಾಗುತ್ತಿತ್ತು. ಅಕ್ಕ ಇದೇ ಕೇಂದ್ರದಲ್ಲಿ ಪಾಠ ಹೇಳಿದವಳು. ಒಂದು ಸಂಜೆ ಬಟಾಣಿ ಸುಲಿಯುತ್ತಾ, "ಗೊಂಬೆಗೆ ಮಾತು ಕಲಿಸ್ತಿದೀನಿ ಕಣೇ, ನಿನ್ನ ಮಗಳಿಗಿಂತ ಬೇಗ ಕಲೀತಿದೆ" ಎಂದಿದ್ದಳು. ಅಕ್ಕನ ತಮಾಷೆಗಳಲ್ಲಿ ಇದೂ ಒಂದು ಅಂದುಕೊಂಡು ಅವಳು ಮರೆತಿದ್ದಳು. ಅಕ್ಕ ತನ್ನ ದನಿಯನ್ನೇ ಗೊಂಬೆಗೆ ಮುದ್ರಿಸಿಟ್ಟಿದ್ದಳೆಂದು ಈಗ ತಿಳಿಯಿತು.

ಆಮೇಲೆ ಆ ಗಂಟಲಿಗೇ ಕಾಯಿಲೆ ಬಂತು. ಕೊನೆಯ ವಾರಗಳಲ್ಲಿ ಅಕ್ಕ ತಂಗಿಯ ನಿಗಾ ಘಟಕದಲ್ಲೇ ಮಲಗಿದ್ದಳು, ಕತ್ತಿಗೆ ಕೊಳವೆ ತೂರಿಸಿಕೊಂಡು, ದನಿಯಿಲ್ಲದೆ. ನರ್ಸುಗಳು ತಮ್ಮ ರಕ್ತಸಂಬಂಧಿಗಳ ಆರೈಕೆ ಮಾಡಬಾರದೆಂಬುದು ಅಲ್ಲಿಯ ಪದ್ಧತಿ. "ಇಲ್ಲಿ ನೀವು ನರ್ಸ್ ಅಲ್ಲ, ಮನೆಯವರು. ಸ್ಟೂಲ್ ಮೇಲೆ ಕೂತ್ಕೊಳ್ಳಿ" ಎಂದಿದ್ದರು ಡಾಕ್ಟರು. ಅವಳು ಕೂತಳು. ಅಕ್ಕನ ಕಫ ತೆಗೆಯುವಾಗ, ಮಗ್ಗುಲು ಬದಲಿಸುವಾಗ, ಬೇರೆಯವರ ಕೈಗಳನ್ನು ನೋಡುತ್ತಾ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕೊಳವೆ ಹಾಕಿಸಿಕೊಂಡವರ ತುಟಿ ಓದುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ನೀರು, ನೋವು, ಮಗನನ್ನು ಕರೆಯಿರಿ, ದೀಪ ಆರಿಸಿ, ಎಲ್ಲವನ್ನೂ ಓದುತ್ತಿದ್ದಳು. ಅಕ್ಕ ಕಣ್ಣರಳಿಸಿ ಮತ್ತೆ ಮತ್ತೆ ಒಂದೇ ಮಾತನ್ನು ತುಟಿಯಲ್ಲಿ ಆಡಿದಳು. ಅದೊಂದು ಮಾತ್ರ ಅವಳಿಗೆ ಓದಲಾಗಲಿಲ್ಲ.

ಎರಡನೆಯ ಅಭ್ಯಾಸಕ್ಕೆ ಹೋಗುವಾಗ, ಇದು ಗೊಂಬೆ, ಬರೀ ಗೊಂಬೆ ಎಂದು ತನಗೆ ತಾನೇ ಹೇಳಿಕೊಂಡಳು. "ಯಾರಮ್ಮ ಅದು?" ಅಂದಾಗ ಹಲ್ಲು ಕಚ್ಚಿ ಡ್ರಿಪ್ ನಿಲ್ಲಿಸಿದಳು. ಸಹಾಯಕ್ಕೆ ಕೂಗಿದಳು. ಸಿರಿಂಜಿಗೆ ಔಷಧಿ ಎಳೆದುಕೊಂಡಳು. ಅಷ್ಟರಲ್ಲಿ ಅವಳಿಗೆ ಒಂದು ಸಂಗತಿ ಹೊಳೆಯಿತು. ಚುಚ್ಚಿದರೆ ಗೊಂಬೆ ಗುಣವಾಗುತ್ತದೆ. ಗುಣವಾದರೆ ಮಾತು ನಿಲ್ಲುತ್ತದೆ.

ಸಿರಿಂಜು ಹಿಡಿದ ಕೈ ಗಾಳಿಯಲ್ಲೇ ನಿಂತಿತು.

"ಎಲ್ಲಿದೀರಮ್ಮ... ನನ್ನೊಬ್ಬಳನ್ನೇ ಬಿಡಬೇಡಿ..."

ಇದು ಹೊಸ ಮಾತು. ತಡ ಮಾಡಿದರೆ ಹೊಸ ಮಾತು ಬರುತ್ತದೆ. ಅವಳು ಕಾದಳು. ದನಿ ಬೇಡಿತು, ಗದರಿತು, ಯಾರದೋ ಮನೆಯವರನ್ನು ಕರೆಯಿತು. ಆ ಒಂದೊಂದು ಮಾತನ್ನೂ ಅವಳು ಬಾಯಾರಿದವಳು ನೀರು ಕುಡಿದ ಹಾಗೆ ಕುಡಿದಳು. ತುಟಿಯಲ್ಲಿ ಓದಲಾಗದ್ದು ಇವುಗಳ ನಡುವೆ ಎಲ್ಲೋ ಅವಿತಿರಬಹುದಲ್ಲವೇ? ಗೊಂಬೆ ಮತ್ತೆ ಸತ್ತಿತು.

ಮನೆಯಲ್ಲಿ ತಟ್ಟೆಯ ಮುಂದೆ ಕೂತು ಅವಳು ಊಟ ಮರೆತಳು. "ಏನಾಯ್ತೇ?" ಎಂದ ಗಂಡ. "ಪರೀಕ್ಷೆ ಅಲ್ವಾ, ಭಯ" ಎಂದಳು. ಅವನು ನಂಬಿದ. ನಂಬದೆ ಏನು ಮಾಡಿಯಾನು? ಮಾರನೆಯ ದಿನ ಮೂರನೆಯ ಅಭ್ಯಾಸ. ಆ ಸಲ ಅವಳು ತೊಡೆ ಬಿಟ್ಟು ತೋಳಿಗೆ ಚುಚ್ಚಿದಳು, ಆಮ್ಲಜನಕದ ಕೀಲಿ ತಿರುಗಿಸದೇ ಮಾಸ್ಕ್ ಹಾಕಿದಳು. ಕಲಿಯುವ ಹುಡುಗಿಯರೂ ಮಾಡದ ತಪ್ಪುಗಳು. ಗೊಂಬೆ ಇನ್ನಷ್ಟು ಹೊತ್ತು ನರಳಿತು.

ಈ ಸಲ ಮೇಡಂ ತಾವೇ ಎದ್ದು ಬಂದು ಅವಳನ್ನು ಗಾಜಿನ ಹಿಂದಿನ ಕೋಣೆಗೆ ಕರೆದೊಯ್ದರು. ಇಕ್ಕಟ್ಟಾದ ಜಾಗ, ಒಂದು ಕುರ್ಚಿ, ಕಂಪ್ಯೂಟರು, ತಣ್ಣಗಾದ ಟೀ.

"ಬೇಕಂತಲೇ ಮಾಡ್ತಿದೀರ ಅಲ್ವಾ?"

ದೊಡ್ಡ ಸಿಸ್ಟರ್ ತಲೆ ತಗ್ಗಿಸಿದಳು.

"ನಾನೂ ನಿಮ್ಮಕ್ಕನ ಶಿಷ್ಯೆ. ಈ ದನಿ ಅವರದು ಅಂತ ನಿಮಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ. ಮುಂಚೆನೇ ಹೇಳಬೇಕಿತ್ತು ನಾನು." ಮೇಡಂ ಕುರ್ಚಿಯನ್ನು ಅವಳ ಕಡೆ ತಳ್ಳಿದರು. "ಬೇಕಿದ್ರೆ ಎಲ್ಲಾ ಮಾತೂ ಮೊಬೈಲಿಗೆ ಹಾಕಿ ಕೊಡ್ತೀನಿ. ಮನೆಯಲ್ಲಿ ಎಷ್ಟು ಸಲ ಬೇಕಾದ್ರೂ ಕೇಳ್ಕೊಳ್ಳಿ."

"ಬೇಡ ಮೇಡಂ. ಮೊಬೈಲಿನಲ್ಲಿ ಅವಳು ಸುಮ್ನೆ ಮಾತಾಡ್ತಾಳೆ. ಇಲ್ಲಿ ನಾನು ಏನಾದ್ರೂ ಮಾಡಿದ್ರೆ ಅವಳು ಅದಕ್ಕೆ ಉತ್ತರ ಕೊಡ್ತಾಳೆ."

"ಉತ್ತರ ಕೊಡೋದು ನನ್ನ ಬೆರಳು, ದೊಡ್ಡ ಸಿಸ್ಟರ್." ಮೇಡಂ ತಮ್ಮ ತೋರುಬೆರಳನ್ನು ಎತ್ತಿ ತೋರಿಸಿದರು. ಉಗುರು ಕಚ್ಚಿ ಕಚ್ಚಿ ಸವೆದ, ಸಾಮಾನ್ಯವಾದ ಬೆರಳು. "ನೀವು ತಪ್ಪು ಮಾಡಿದಾಗೆಲ್ಲ ನಾನಿಲ್ಲಿ ಕೂತು ಅವರ ಉಸಿರು ಕಟ್ಟಿಸ್ತೀನಿ. ನನಗೇನು ಚೆನ್ನಾಗಿರತ್ತೆ ಅಂದ್ಕೊಂಡ್ರಾ?"

ಗಾಜಿನಾಚೆ ಗೊಂಬೆ ಕಣ್ಣು ತೆರೆದು ಸೂರು ನೋಡುತ್ತಿತ್ತು.

"ನಾಳೆ ಪರೀಕ್ಷೆ. ನಾಳೆ ನಾನೊಬ್ಬಳೇ ಇರಲ್ಲ, ಹೊರಗಿಂದ ಬಂದವರೂ ಇರ್ತಾರೆ. ಅಲ್ಲಿ ತಪ್ಪಿದ್ರೆ ನಾನೇನೂ ಮಾಡಕ್ಕಾಗಲ್ಲ." ಮೇಡಂ ಟೀ ಲೋಟ ಪಕ್ಕಕ್ಕೆ ಸರಿಸಿದರು. "ಇನ್ನೊಂದು ಮಾತು. ಒಳಗೆ ಹೋದ ತಕ್ಷಣ ಗೊಂಬೆ ಒಂದು ಪ್ರಶ್ನೆ ಕೇಳತ್ತೆ. ನೀವು ಒಂದ್ಸಲನೂ ಅದಕ್ಕೆ ಉತ್ತರ ಕೊಟ್ಟಿಲ್ಲ. ನಿಮ್ಮಕ್ಕ ಅಲ್ಲಿಂದಲೇ ಪಾಠ ಶುರು ಮಾಡ್ತಿದ್ದರು."

ಅದು ನಿಜ. ರೋಗಿಯನ್ನು ಮುಟ್ಟುವ ಮೊದಲು ನೀನು ಯಾರೆಂದು ಹೇಳು, ಏನು ಮಾಡುತ್ತೀಯೆಂದು ಹೇಳು. ಪ್ರಜ್ಞೆಯಿಲ್ಲದವರಿಗೂ ಹೇಳು, ಉಸಿರು ನಿಂತ ದೇಹ ತೊಳೆಯುವಾಗಲೂ ಹೇಳು. ಅಕ್ಕನ ಬಾಯಲ್ಲಿ ಕೇಳಿ ಕೇಳಿ ಅವಳು ಜನ್ಮವೆಲ್ಲ ಪಾಲಿಸಿದ್ದಳು. ಇಲ್ಲಿ ಮಾತ್ರ ಬಾಯಿ ಕಟ್ಟಿತ್ತು. "ಯಾರಮ್ಮ ಅದು?" ಅಂದರೆ ಏನು ಹೇಳುವುದು? ನರ್ಸ್ ಅನ್ನಲೇ? ಆ ಮಂಚದ ಪಕ್ಕದಲ್ಲಿ ನೀನು ನರ್ಸ್ ಅಲ್ಲವೆಂದು ಹೇಳಿ ಕೂರಿಸಿದ್ದರು. ತಂಗಿ ಅನ್ನಲೇ? ತಂಗಿಯ ಕೈ ಮಡಿಲು ಬಿಟ್ಟು ಏಳಲೇ ಇಲ್ಲ.

ಪರೀಕ್ಷೆಯ ದಿನ ಪರದೆ ಕಿರ್ರೆಂದಿತು.

"ಯಾರಮ್ಮ ಅದು?"

"ನಾನಕ್ಕ" ಎಂದಳು ದೊಡ್ಡ ಸಿಸ್ಟರ್. ಮಂಚದ ಹತ್ತಿರ ಬಂದಳು. "ಇವತ್ತು ನಿಮ್ಮ ನರ್ಸ್ ನಾನೇ. ಹೆದರಬೇಡಿ. ಈ ಔಷಧಿ ನಿಮಗೆ ಆಗಿಬಂದಿಲ್ಲ, ನಿಲ್ಲಿಸ್ತಾ ಇದೀನಿ."

ಅಂದು ಸ್ಟೂಲಿನ ಮೇಲೆ ಮಡಿಲಲ್ಲೇ ಉಳಿದಿದ್ದ ಕೈ ಕೊನೆಗೂ ಎದ್ದಿತು. ಇಲ್ಲಿ ಅದನ್ನು ಯಾರೂ ತಡೆಯಲಿಲ್ಲ. ಡ್ರಿಪ್ ನಿಂತಿತು. ಅವಳ ಕೂಗು ಕಾರಿಡಾರಿನ ತುದಿಗೂ ಮುಟ್ಟಿತು. "ಈಗ ತೊಡೆಗೆ ಚುಚ್ತೀನಿ, ಸ್ವಲ್ಪ ನೋಯತ್ತೆ ಅಕ್ಕ." ಸೂಜಿ ರಬ್ಬರಿನೊಳಗೆ ನೇರವಾಗಿ ಇಳಿಯಿತು. "ಮುಖಕ್ಕೆ ಗಾಳಿ ಹಾಕ್ತೀನಿ. ನಿಧಾನ. ನಾನು ಇಲ್ಲೇ ಇದೀನಿ." ಬೆನ್ನಿಗೆ ದಿಂಬು ಕೊಟ್ಟು, ಕಾಲು ನೀಡಿಸಿ ಒರಗಿಸಿದಳು. ಆಡದ ಮಾತುಗಳು ದನಿಯೊಳಗೆ ಉಳಿದಿದ್ದವು, ಬೇಡುವ ಮಾತುಗಳು, ಗದರುವ ಮಾತುಗಳು. ಅವು ಒಂದೂ ಬರಲಿಲ್ಲ. ಏದುಸಿರು ಇಳಿಯಿತು. ಮಾನಿಟರಿನ ಕೂಗು ತಗ್ಗಿತು.

"ಈಗ ಹಗುರ ಆಯ್ತು" ಎಂದಿತು ದನಿ. ಆ ಮಾತನ್ನು ಅವಳು ಈವರೆಗೆ ಕೇಳಿಯೇ ಇರಲಿಲ್ಲ. ಬಿಗಿತವಿಲ್ಲದ, ಬಟಾಣಿ ಸುಲಿಯುವ ಸಂಜೆಯ ದನಿ. "ಇನ್ನು ಹೋಗಮ್ಮ. ಬೇರೆಯವರು ಕಾಯ್ತಿರ್ತಾರೆ."

ರೆಪ್ಪೆಗಳು ಮುಚ್ಚಿದವು. ದೊಡ್ಡ ಸಿಸ್ಟರ್ ಹೊದಿಕೆ ಎಳೆದು ಗೊಂಬೆಯ ಕಾಲ್ಬೆರಳು ಮುಚ್ಚಿದಳು, ಯಾರೂ ಹೇಳದಿದ್ದರೂ. ಅಕ್ಕ ತುಟಿಯಲ್ಲಿ ಆಡಿದ ಮಾತು ಇದಾಗಿರಲಿಲ್ಲ. ಆ ಮಾತಿಗೆ ಇದಕ್ಕಿಂತ ಚಿಕ್ಕ ಆಕಾರವಿತ್ತು. ಅದು ಅಕ್ಕನ ಜೊತೆಗೇ ಹೋಯಿತು. ಇದು ಸರಿಯಾಗಿ ಕೆಲಸ ಮಾಡಿದವರಿಗೆಲ್ಲ ಅಕ್ಕ ಹೇಳಿಟ್ಟ ಮಾತು, ಅವಳಿಗೂ ಹೇಳಿದಳು, ಅಷ್ಟೇ. ಅಷ್ಟನ್ನೇ ಎದೆಗೊತ್ತಿಕೊಂಡು ಹೊರಗೆ ಬಂದಳು.

ಗಾಜಿನ ಕೋಣೆಯ ಬಾಗಿಲು ಸ್ವಲ್ಪ ತೆರೆಯಿತು. ಮೇಡಂ ತಲೆ ಹೊರಗೆ ಹಾಕಿ, "ಪಾಸು" ಎಂದಷ್ಟೇ ಹೇಳಿ ಬಾಗಿಲು ಮುಚ್ಚಿಕೊಂಡರು. ಅವರ ಕಣ್ಣೂ ಕೆಂಪಗಿತ್ತು.

"ಅಬ್ಬ, ಬಟ್ಟೆ ಮಡಚೋರಲ್ಲಿ ಒಬ್ರು ಕಮ್ಮಿ ಆದ್ರು!" ಗಿಣಿ ಎದ್ದು ನಿಂತು ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಈಗ ನನ್ನ ಸರದಿ. ಏನಾದ್ರೂ ಹೇಳಿ ಸಿಸ್ಟರ್, ನಿಮ್ಮ ದಮ್ಮಯ್ಯ."

"ಒಳಗೆ ಹೋದ ಕೂಡ್ಲೇ ನೀನು ಯಾರು ಅಂತ ಹೇಳು."

"ಗೊಂಬೆಗಾ?"

"ಹ್ಞೂಂ. ಅವಳು ಕೇಳ್ತಾಳೆ. ತಡ ಮಾಡಬೇಡ ಮಾರಾಯ್ತಿ, ಬೇಗ ಹೇಳು."

ಗಿಣಿ ಮೊದಲ ಸಲ ಎದುರು ಮಾತಾಡದೆ ಒಳಗೆ ಹೋದಳು. ಬಾಗಿಲು ಮುಚ್ಚಿತು. ದೊಡ್ಡ ಸಿಸ್ಟರ್ ಹೋಗಿಬಿಡಬಹುದಿತ್ತು. ವಾರ್ಡಿನಲ್ಲಿ ಕೆಲಸ ಕಾಯುತ್ತಿತ್ತು. ಆದರೂ ಗಿಣಿ ಕೂತಿದ್ದ ಬಿಸಿ ಇನ್ನೂ ಆರದ ಬೆಂಚಿನ ಮೇಲೆ ಕೂತಳು.

ತೆಳುವಾದ ಬಾಗಿಲು. ಪರದೆ ಕಿರ್ರೆಂದದ್ದು ಕೇಳಿಸಿತು.

"ಯಾರಮ್ಮ ಅದು?"

ಅವಳ ಬಾಯಿ ತಾನಾಗಿ ತೆರೆಯಿತು. ನಾಲಗೆಯ ತುದಿಗೆ ಬಂದ ಮಾತನ್ನು ಅಂಗೈಯಿಂದ ಒತ್ತಿ ಹಿಡಿದಳು. ಹೇಳೇ ಹುಡುಗಿ, ಹೇಳು. ಕೊನೆಗೆ ಕೇಳಿಸಿಯೂ ಕೇಳಿಸದಂಥ ಒಂದು ಸಣ್ಣ ದನಿ, "ನಾನಮ್ಮ... ನಾನು ನಿಮ್ಮ ನರ್ಸು" ಎಂದಿತು.

ದೊಡ್ಡ ಸಿಸ್ಟರ್ ಅಂಗೈ ತೆಗೆಯಲಿಲ್ಲ. ಬಾಗಿಲಿನಾಚೆ ಅಕ್ಕನಿಗೆ ಮತ್ತೆ ಮೊದಲಿನಿಂದ ಎದೆ ಬಿಗಿಯತೊಡಗಿತ್ತು.